ಮಾವನ ಟ್ಯಾಪಿನ ಪೆಟ್ಟಿಗೆ

ಬಂಟ್ವಾಳದ ಚನಿಯಪ್ಪನಿಗೆ ಹೊಟ್ಟೆಕಿಚ್ಚು ಇತ್ತು ಎಂದಷ್ಟೇ ಹೇಳಿದರೆ ಅವನ ಕತೆಯ ಕಾಲು ಭಾಗವನ್ನೂ ಹೇಳಿದ ಹಾಗಾಗುವುದಿಲ್ಲ. ಹೊಟ್ಟೆಕಿಚ್ಚು ಯಾರಿಗಿಲ್ಲ ಸ್ವಾಮಿ? ಪಕ್ಕದ ಮನೆಯ ಎಮ್ಮೆ ಅರ್ಧ ಸೇರು ಹಾಲು ಹೆಚ್ಚು ಕೊಟ್ಟರೆ ಅನ್ನ ಸೇರದವರು ನಮ್ಮೂರಲ್ಲಿ ಬೇಕಾದಷ್ಟು ಮಂದಿ. ಚನಿಯಪ್ಪ ಅಂಥವನಲ್ಲ. ಯಾರ ಎಮ್ಮೆಯನ್ನೂ ಅವನು ತಿರುಗಿ ನೋಡಿದವನಲ್ಲ. ಅವನ ಹೊಟ್ಟೆ ಉರಿದದ್ದು ಒಬ್ಬನನ್ನು ಕಂಡು, ಒಂದೇ ಒಂದು ಕೆಲಸಕ್ಕಾಗಿ. ಆದರೆ ಉರಿದದ್ದು ವರ್ಷಗಟ್ಟಲೆ, ಒಂದು ದಿನವೂ ಆರದೆ.

ಆ ಕೆಲಸವೆಂದರೆ ಅಲ್ಯೂಮಿನಿಯಂನಲ್ಲಿ ಹಾಳಾದ ತ್ರೆಡ್ಡನ್ನು, ಅಂದರೆ ಬೋಲ್ಟು ಕಚ್ಚುವ ತಿರುಪಿನ ಹಲ್ಲನ್ನು, ಸರಿಮಾಡುವುದು. ಬಸ್ಸಿನ ಎಂಜಿನ್ನಾಗಲಿ, ಮೋಟಾರ್ ಸೈಕಲ್ಲಿನದಾಗಲಿ, ಕೆಲವು ಭಾಗ ಕಬ್ಬಿಣ, ಕೆಲವು ಭಾಗ ಅಲ್ಯೂಮಿನಿಯಂ. ಕಬ್ಬಿಣ ಒರಟು ಜಾತಿ, ಎಷ್ಟು ಬಿಗಿದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಬಲು ನಾಜೂಕು. ಯಾರೋ ಪುಣ್ಯಾತ್ಮ ಕೈಗೆ ಸ್ಪಾನರ್ ಸಿಕ್ಕಿತೆಂದು ಒಂದು ಸುತ್ತು ಹೆಚ್ಚು ಬಿಗಿದನೋ, ತೂತಿನೊಳಗಿನ ತ್ರೆಡ್ಡೆಲ್ಲ ತುರಿದ ತೆಂಗಿನಕಾಯಿಯ ಹಾಗೆ ಪುಡಿಯಾಗಿ ಬೋಲ್ಟಿನ ಜೊತೆ ಹೊರಗೆ ಬರುತ್ತದೆ. ಆಮೇಲೆ ಬೋಲ್ಟು ಸುಮ್ಮನೆ ಸುತ್ತುತ್ತದೆ, ಕಚ್ಚುವುದಿಲ್ಲ. ಎಣ್ಣೆ ಸೋರುತ್ತದೆ, ಮುಚ್ಚಳ ಅಲ್ಲಾಡುತ್ತದೆ, ಬಸ್ಸು ನಿಲ್ಲುತ್ತದೆ. ಆ ಕಾಲದಲ್ಲಿ ಹೊಸ ಭಾಗ ಬೊಂಬಾಯಿಯಿಂದಲೋ ಮದ್ರಾಸಿನಿಂದಲೋ ಬರಬೇಕಿತ್ತು. ಬರುವಷ್ಟರಲ್ಲಿ ಬಸ್ಸಿನ ಅಡಿಯಲ್ಲಿ ಹುಲ್ಲು ಬೆಳೆದಿರುತ್ತಿತ್ತು.

ಇದಕ್ಕೆ ಮದ್ದು ಗೊತ್ತಿದ್ದವರು ಚನಿಯಪ್ಪನ ಸೋದರಮಾವ ಸುಬ್ಬಯ್ಯ. ಯುದ್ಧದ ಕಾಲದಲ್ಲಿ ಪುಣೆಯ ಕಡೆ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಊರಿಗೆ ಬರುವಾಗ ತೇಗದ ಪೆಟ್ಟಿಗೆಯೊಂದರ ತುಂಬ ಟ್ಯಾಪುಗಳನ್ನು ತಂದಿದ್ದರು. ತೂತಿನೊಳಗೆ ತಿರುಗಿಸುತ್ತ ಹೋದರೆ ತ್ರೆಡ್ಡು ಕೊರೆಯುವ ಉಕ್ಕಿನ ಕಡ್ಡಿಗಳು ಅವು, ಒಂದೊಂದು ಅಳತೆಗೆ ಒಂದೊಂದು. ನಲವತ್ತೆಂಟನೇ ಇಸವಿಯಲ್ಲಿ ಬಂಟ್ವಾಳ ಪೇಟೆಯಿಂದ ಹೊಳೆಗೆ ಇಳಿಯುವ ದಾರಿಯಲ್ಲಿ ಅವರು ತಗಡಿನ ಮಾಡಿನ ಶಾಪು ಹಾಕಿದರು. ಹಾಳಾದ ತೂತನ್ನು ಡ್ರಿಲ್ಲಿನಿಂದ ದೊಡ್ಡದು ಮಾಡುವುದು, ಅದಕ್ಕೆ ದೊಡ್ಡ ಟ್ಯಾಪಿನಿಂದ ಹೊಸ ತ್ರೆಡ್ಡು ಕೊರೆಯುವುದು, ಒಳಗೂ ಹೊರಗೂ ತ್ರೆಡ್ಡಿರುವ, ಗಿಡ್ಡ ಕೊಳವೆಯಂಥ ಹಿತ್ತಾಳೆಯ ಬುಶ್ ಒಂದನ್ನು ಅದರೊಳಗೆ ತಿರುಗಿಸಿ ಕೂರಿಸುವುದು, ಅದು ಸಡಿಲಾಗದ ಹಾಗೆ ಅಂಚಿಗೆ ನಾಲ್ಕು ಕಡೆ ಪಂಚ್ ಇಟ್ಟು ಹೊಡೆಯುವುದು. ಮುಗಿಯಿತು. ಹಳೆಯ ಬೋಲ್ಟು ಆ ಬುಶ್ಶಿನೊಳಗೆ ಮದುಮಗನ ಹಾಗೆ ಹೋಗಿ ಕೂರುತ್ತಿತ್ತು. ಮಂಗಳೂರಿನಿಂದ ಚಾರ್ಮಾಡಿಯವರೆಗೆ ಈ ಕೆಲಸಕ್ಕೆ ಸುಬ್ಬಯ್ಯನವರ ಹೆಸರು ಬಿಟ್ಟರೆ ಬೇರೆ ಹೆಸರಿರಲಿಲ್ಲ.

ನಮ್ಮ ಕಡೆ ಅಳಿಯಕಟ್ಟು. ಗಂಡಸಿನ ಸೊತ್ತು ಅವನ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಕಾನೂನು ಬದಲಾಗುತ್ತಿದೆ ಎಂದು ಪೇಪರು ಓದುವವರು ಹೇಳುತ್ತಿದ್ದರು. ಪೇಪರಿನಲ್ಲಿ ಬದಲಾದದ್ದು ಜಗಲಿಯಲ್ಲಿ ಬದಲಾಗಬೇಕಲ್ಲ! ಚನಿಯಪ್ಪನ ಅಪ್ಪ ಧರ್ಣಪ್ಪ ವಾಮದಪದವಿನಲ್ಲಿ ತಮ್ಮ ಅಳಿಯಂದಿರನ್ನು ಸಾಕಿ, ಇದ್ದ ಗದ್ದೆಯನ್ನು ಅವರಿಗೇ ಬಿಟ್ಟು ತೀರಿಕೊಂಡರು. ಅದು ಅನ್ಯಾಯವೆಂದು ಚನಿಯಪ್ಪನಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ, ಏಕೆಂದರೆ ಅವನಿಗೆ ಮಾವ ಇದ್ದರು. ನಲವತ್ತೊಂಬತ್ತರಲ್ಲಿ, ಹದಿನೆಂಟು ದಾಟಿದ ಅವನನ್ನು ತಾಯಿ ಕೈಹಿಡಿದು ಶಾಪಿಗೆ ಕರೆತಂದು, "ತಮ್ಮಾ, ಇವನು ಇನ್ನು ನಿನ್ನವನು" ಎಂದು ಒಪ್ಪಿಸಿದಳು. ಶಾಪು, ಕಾಲಿನಲ್ಲಿ ತುಳಿಯುವ ಲೇತು, ಆ ತೇಗದ ಪೆಟ್ಟಿಗೆ ಎಲ್ಲವೂ ಮುಂದೆ ಚನಿಯಪ್ಪನಿಗೆ ಎಂಬುದು ಅವತ್ತೇ ಇತ್ಯರ್ಥವಾಯಿತು. ಮಾವನ ಹೆಂಡತಿ ಅಮ್ಮಣ್ಣಿ, ಮಗ ಸುಧಾಕರ ಇಬ್ಬರೂ ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿ, ಅಮ್ಮಣ್ಣಿಯ ತಾಯಿಮನೆಯಲ್ಲಿದ್ದರು. ಸುಬ್ಬಯ್ಯನವರು ಶನಿವಾರದ ಬಸ್ಸಿಗೆ ಅಲ್ಲಿಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳುತ್ತಿದ್ದರು. ಮಗನ ಮನೆಗೆ ಅವರು ಒಂದು ತರಹ ನೆಂಟ.

ಚನಿಯಪ್ಪ ಬೇಗ ಕಲಿತ. ಒಂದೇ ವರ್ಷದಲ್ಲಿ ಅವನು ಲೇತಿಗೆ ಹಾಕಿ ಕಡೆದ ಬುಶ್ಶು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿತ್ತಾಳೆ, ಕಬ್ಬಿಣ, ಉಕ್ಕು ಯಾವುದನ್ನು ಕೊಟ್ಟರೂ ಹೇಳಿದ ಅಳತೆಗೆ ತರುತ್ತಿದ್ದ. ಆದರೆ ಮುಖ್ಯವಾದ ಕೆಲಸ, ಅಂದರೆ ಅಲ್ಯೂಮಿನಿಯಂನೊಳಗೆ ಟ್ಯಾಪು ತಿರುಗಿಸುವುದನ್ನು, ಮಾವ ಕೊಡಲಿಲ್ಲ. ಅದನ್ನು ಅವರೇ ಮಾಡುತ್ತಿದ್ದರು. ಸೀಮೆಎಣ್ಣೆಗೆ ಸ್ವಲ್ಪ ತೆಂಗಿನೆಣ್ಣೆ ಸೇರಿಸಿ ತೂತಿಗೆ ಬಿಟ್ಟು, ಟ್ಯಾಪಿನ ಹ್ಯಾಂಡಲನ್ನು ಎರಡೇ ಬೆರಳಲ್ಲಿ ಹಿಡಿದು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮುಂದೆ ಹೋದಾಗ ಕೊರೆಯುತ್ತದೆ, ಹಿಂದೆ ಬಂದಾಗ ಪುಡಿ ಬಿಡುತ್ತದೆ. ಹಿಂದೆ ಬರಲು ಒಂದು ಕ್ಷಣ ತಡವಾದರೆ ಅಲ್ಯೂಮಿನಿಯಂ ಟ್ಯಾಪಿಗೆ ಮೆತ್ತಿಕೊಂಡು ಕೊರೆದ ತ್ರೆಡ್ಡನ್ನೆಲ್ಲ ಕಿತ್ತುಹಾಕುತ್ತದೆ. ಆ ಕ್ಷಣ ಯಾವುದೆಂದು ಹೇಳಿಕೊಡಲಿಕ್ಕೆ ಬರುವುದಿಲ್ಲ, ಮಣಿಕಟ್ಟಿಗೆ ಗೊತ್ತಾಗಬೇಕು ಎಂದು ಸುಬ್ಬಯ್ಯ ಹೇಳುತ್ತಿದ್ದರು.

ಎರಡನೇ ವರ್ಷದಲ್ಲಿ ಚನಿಯಪ್ಪ ಧೈರ್ಯ ಮಾಡಿ ಕೇಳಿದ. "ಮಾವ, ಒಂದು ಸರ್ತಿ ನಾನು ಹಿಡಿದು ನೋಡ್ತೇನೆ."

ಮಾವ ಗುಜರಿಯಿಂದ ಒಂದು ಒಡೆದ ಮುಚ್ಚಳ ತೆಗೆದುಕೊಟ್ಟರು. ಚನಿಯಪ್ಪ ಬೆವರಿಳಿಸುತ್ತ ಟ್ಯಾಪು ಹಾಕಿದ. ಸುಬ್ಬಯ್ಯ ಆ ತೂತಿನೊಳಗೆ ನೋಡಿದರು, ಬೋಲ್ಟು ಹಾಕಿ ತೆಗೆದರು, ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಮುಚ್ಚಳವನ್ನು ಗುಜರಿಗೇ ಎಸೆದರು.

"ಆಗುವುದಿಲ್ಲ ಚನಿಯ," ಎಂದರು ಕೊನೆಗೆ. "ನಿನ್ನದು ಕಬ್ಬಿಣದ ಕೈ. ಇದಕ್ಕೆ ಬೇರೆ ಕೈ ಬೇಕು. ನೀನು ಬುಶ್ ಮಾಡು, ಅದು ಸಾಕು."

ಮಾವನ ಮಾತನ್ನು ತೂಗಿ ನೋಡುವ ಕಾಲ ಅದಲ್ಲ. ಚನಿಯಪ್ಪ ನಂಬಿದ. ಊಟಕ್ಕೆ ಕೂತಾಗ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ, ಅದು ಯಾರದೋ ಕೈ ಎಂಬ ಹಾಗೆ. ಆಮೇಲೆ ಅಭ್ಯಾಸವಾಯಿತು. ಮಾವನನ್ನು ಬಿಟ್ಟರೆ ಭೂಮಿ ಮೇಲೆ ಯಾರಿಗೂ ಬಾರದ ಕೆಲಸ ತನಗೂ ಬಾರದು, ಅದರಲ್ಲಿ ನಾಚಿಕೆ ಏನು ಎಂದು ಸಮಾಧಾನ ಮಾಡಿಕೊಂಡ. ಹಾಗೆ ಹತ್ತು ವರ್ಷ ಕಳೆಯಿತು. ಸಿದ್ಧಕಟ್ಟೆಯ ಕುಸುಮಳನ್ನು ಮದುವೆಯಾದ, ಮಕ್ಕಳಾದವು.

ಅರವತ್ತನೇ ಇಸವಿಯಲ್ಲಿ ಸುಬ್ಬಯ್ಯನವರ ಬಲಗೈ ನಡುಗಲು ಶುರುವಾಯಿತು. ಮೊದಲು ಚಾ ಲೋಟ ತುಳುಕಿತು, ಆಮೇಲೆ ಟ್ಯಾಪು. ಇನ್ನು ಹ್ಯಾಂಡಲನ್ನು ಯಾರಿಗಾದರೂ ಕೊಡಲೇಬೇಕು, ತಾನಲ್ಲದೆ ಬೇರೆ ಯಾರಿದ್ದಾರೆ ಎಂದು ಚನಿಯಪ್ಪ ಒಳಗೊಳಗೇ ಹಿಗ್ಗಿದ. ಮಾವನ ಕೈ ನಡುಗುವುದಕ್ಕೆ ಹಿಗ್ಗುವುದೇ ಎಂದು ನೀವು ಕೇಳಬಹುದು. ಹಿಗ್ಗಿದ, ಏನು ಮಾಡುವುದು, ಮನುಷ್ಯ!

ಒಂದು ಸೋಮವಾರ ಮಾವ ಲಾಯಿಲದಿಂದ ಬರುವಾಗ ಜೊತೆಗೆ ಸುಧಾಕರನೂ ಇದ್ದ. ಇಪ್ಪತ್ತು ವರ್ಷ, ಎಣ್ಣೆ ಹಾಕಿ ಬಾಚಿದ ತಲೆ, ಒಗೆದ ಷರ್ಟು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದವನು. ಅವತ್ತೇ ಹುಕ್ರಪ್ಪನ ಬಸ್ಸಿನ ಅಲ್ಯೂಮಿನಿಯಂ ಮುಚ್ಚಳವೊಂದು ಬಂದಿತ್ತು. ಹುಕ್ರಪ್ಪ ಧರ್ಮಸ್ಥಳದ ಬಸ್ಸಿನ ಡ್ರೈವರು, ಬಾಯಿ ಸುಮ್ಮನಿರದ ಆಸಾಮಿ. ಅವನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಚನಿಯಪ್ಪ ಲೇತಿನಲ್ಲಿ ಬುಶ್ ಕಡೆದಿಟ್ಟ. ಮಾವ ತೂತಿಗೆ ಎಣ್ಣೆ ಬಿಟ್ಟು, ಟ್ಯಾಪು ನೇರ ನಿಲ್ಲಿಸಿ, ಹಿಂದಕ್ಕೆ ಸರಿದು, "ಬಾ, ಹಿಡಿ" ಎಂದರು.

ಚನಿಯಪ್ಪ ಬೈರಾಸಿಗೆ ಕೈ ಒರೆಸಿಕೊಂಡು ಮುಂದೆ ಬಂದ. ಮಾವನ ಕಣ್ಣು ಅವನ ಹೆಗಲ ಮೇಲಿಂದ ಹಿಂದೆ ನೋಡುತ್ತಿತ್ತು.

"ನೀನಲ್ಲ ಚನಿಯ. ಸುಧಾಕರ, ಬಾ."

ಸುಧಾಕರ ಬಂದ. ಸುಬ್ಬಯ್ಯ ಮಗನ ಕೈಮೇಲೆ ತಮ್ಮ ನಡುಗುವ ಕೈ ಇಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮೆಲ್ಲ ಮೆಲ್ಲ ತಿರುಗಿಸಿದರು. "ಅವಸರ ಬೇಡ ಮಗಾ. ಹಾ, ಅಷ್ಟೇ. ಬಿಡು. ಈಗ ಹಿಂದೆ." ಹನ್ನೊಂದು ವರ್ಷದಲ್ಲಿ ಮಾವನ ಕೈ ಚನಿಯಪ್ಪನ ಮೈಮೇಲೆ ಬಂದದ್ದು ತಲೆಗೆ ಮೊಟಕುವುದಕ್ಕೆ ಮಾತ್ರ. ಮಗಾ ಎಂಬ ಮಾತು ಆ ಶಾಪಿನಲ್ಲಿ ಅವನು ಕೇಳಿದ್ದು ಅದೇ ಮೊದಲು. ತ್ರೆಡ್ಡು ಚೆನ್ನಾಗಿಯೇ ಬಂತು. ಹುಕ್ರಪ್ಪ ಬೆಂಚಿನಿಂದ, "ಎಂತ ಚನಿಯಪ್ಪಣ್ಣ, ನಿನ್ನ ಮುಖ ಯಾಕೆ ಗಂಜಿ ಹಳಸಿದ ಹಾಗೆ ಆಯ್ತು?" ಎಂದು ಕೇಳಿದ. ಚನಿಯಪ್ಪ ಲೇತಿನ ಕಡೆ ಹೋದ.

ಅಂದಿನಿಂದ ಶುರುವಾಯಿತು ಉರಿ. ಸುಧಾಕರ ನಕ್ಕರೆ ಉರಿ, ಸುಮ್ಮನಿದ್ದರೆ ಉರಿ. ಅವನು "ಭಾವ, ಆ ಬುಶ್ ಕೊಡಿ" ಎಂದು ಗೌರವದಿಂದ ಕೇಳಿದರೆ ಇನ್ನೂ ಹೆಚ್ಚು ಉರಿ. ಅವನೇನಾದರೂ ಸೊಕ್ಕಿನವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಆ ಸುಖವನ್ನೂ ಅವನು ಕೊಡಲಿಲ್ಲ. ಮನೆಯಲ್ಲಿ ಕುಸುಮ ಕೇಳಿ ಕೇಳಿ ಸೋತಳು.

"ಪೆಟ್ಟಿಗೆ ನಿಮ್ಮದೇ ಅಂತ ಆಗಿದೆ, ಶಾಪು ನಿಮ್ಮದೇ. ಪಾಪ, ಅವನಿಗೆ ಎಂತ ಉಂಟು?"

"ಅವನಿಗೆ ಎಂತ ಉಂಟು? ಅವನಿಗೆ ಕೈ ಉಂಟು! ಮಾವ ಕೈ ಹಿಡಿದು ಕಲಿಸ್ತಾರೆ, ಗೊತ್ತುಂಟಾ? ಕೈ ಹಿಡಿದು! ನನಗೆ ಎಂತ, ಬುಶ್."

"ಹಾಗಾದರೆ ನೀವೂ ಮಾವನ ಹತ್ತಿರ ಹೇಳಿ, ನನ್ನ ಕೈಯೂ ಹಿಡೀರಿ ಅಂತ," ಎಂದು ಕುಸುಮ ನಕ್ಕಳು. ಚನಿಯಪ್ಪ ಅವತ್ತು ಮೀನುಸಾರನ್ನು ಮುಟ್ಟದೆ ಎದ್ದ.

ಅರವತ್ಮೂರರಲ್ಲಿ ಸುಬ್ಬಯ್ಯ ತೀರಿಕೊಂಡರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಊಟ ಮುಗಿದ ಮೇಲೆ ಕುಟುಂಬದ ಹಿರಿಯರು ಚಾವಡಿಯಲ್ಲಿ ಕೂತು, ಶಾಪೂ ಪೆಟ್ಟಿಗೆಯೂ ಚನಿಯಪ್ಪನಿಗೆ ಎಂದು ಇನ್ನೊಮ್ಮೆ ಬಾಯಿಬಿಟ್ಟು ಹೇಳಿದರು. ಸುಧಾಕರ ತಾನೇ ಪೆಟ್ಟಿಗೆಯನ್ನು ಎತ್ತಿ ತಂದು ಮುಂದಿಟ್ಟ. ಚನಿಯಪ್ಪ ಅಷ್ಟಕ್ಕೆ ಬಿಡಬಾರದಿತ್ತೇ? ನೂರು ಜನರ ಎದುರು ಮುಚ್ಚಳ ತೆಗೆದು ಟ್ಯಾಪುಗಳನ್ನು ಒಂದೊಂದಾಗಿ ಎಣಿಸಿದ. ನಲವತ್ತೆರಡು, ಒಂದೂ ಕಮ್ಮಿಯಿಲ್ಲ. ಅಮ್ಮಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಆ ಎಣಿಕೆಯನ್ನು ಊರು ವರ್ಷಗಟ್ಟಲೆ ಆಡಿಕೊಂಡಿತು.

ಸುಧಾಕರ ಬರಿಗೈಯಲ್ಲಿ ಲಾಯಿಲಕ್ಕೆ ಹೋಗಿ, ರಸ್ತೆಬದಿಯಲ್ಲಿ ನಾಲ್ಕು ಕಂಬ ನೆಟ್ಟು ಸೋಗೆ ಹೊದಿಸಿ ಕೂತ. ಟ್ಯಾಪಿಲ್ಲದೆ ಅವನು ಯಾವ ತ್ರೆಡ್ಡು ಕೊರೆಯುತ್ತಾನೋ ನೋಡುವ ಎಂದು ಚನಿಯಪ್ಪ ಮೀಸೆ ತಿರುವಿದ. ಆರು ತಿಂಗಳಾಗಲಿಲ್ಲ, ಹುಕ್ರಪ್ಪ ಬಸ್ಸು ನಿಲ್ಲಿಸಿ ಸುದ್ದಿ ಹೇಳಿಯೇ ಹೋದ.

"ಲಾಯಿಲದಲ್ಲಿ ಜಾತ್ರೆ ಮಾರಾಯ! ಸ್ಕೂಟರಿನವರು, ಜಾವಾ ಬೈಕಿನವರು, ಎಲ್ಲ ಅಲ್ಲಿಗೇ."

"ಟ್ಯಾಪು ಎಲ್ಲಿಂದ ತಂದನಂತೆ?"

"ತರುವುದೆಂತ? ಬೋಲ್ಟಿನಿಂದಲೇ ಮಾಡ್ತಾನೆ. ಗಟ್ಟಿ ಉಕ್ಕಿನ ಬೋಲ್ಟು ತೆಗೆದುಕೊಂಡು, ಉದ್ದಕ್ಕೆ ಮೂರು ಗೀರು ಅರದಿಂದ ಉಜ್ಜಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾನೆ. ಅಲ್ಯೂಮಿನಿಯಂಗೆ ಅಷ್ಟು ಸಾಕಂತೆ. ನಿನ್ನ ಪೆಟ್ಟಿಗೆಗೆ ಗೆದ್ದಲು ಹಿಡಿಯದ ಹಾಗೆ ನೋಡಿಕೋ."

ಚನಿಯಪ್ಪ ಹಲ್ಲು ಕಡಿದ. ಪೆಟ್ಟಿಗೆ ಬಂದ ಮೇಲೂ ಅಲ್ಯೂಮಿನಿಯಂಗೆ ಟ್ಯಾಪು ಹಾಕುವ ಧೈರ್ಯ ಅವನಿಗೆ ಬಂದಿರಲಿಲ್ಲ. ಕಬ್ಬಿಣದ ಕೈ ಎಂಬ ಮಾತು ಅಷ್ಟು ಒಳಗೆ ಇಳಿದಿತ್ತು. ನೇಗಿಲಿನ ಬೋಲ್ಟು, ಪಂಪಿನ ಶಾಫ್ಟು, ಗಿರಣಿಯ ರಾಟೆ ಎಂದು ಅವನ ಶಾಪು ಹೇಗೋ ನಡೆಯುತ್ತಿತ್ತು. ಪೆಟ್ಟಿಗೆಯನ್ನು ಮಾತ್ರ ದಿನಾ ಒರೆಸಿ ಇಡುತ್ತಿದ್ದ.

ಅರವತ್ತೈದರ ಮಾರ್ಚಿನಲ್ಲಿ ಮೂಡಬಿದಿರೆಯ ಶ್ರೇಯಾಂಸಕುಮಾರ ಎಂಬ ಜೈನ ಧನಿಗಳು ತಮ್ಮ ಜಾವಾವನ್ನು ಬಾಡಿಗೆ ಲಾರಿಯಲ್ಲಿ ಹೇರಿಕೊಂಡು ಬಂದರು. ಎಂಜಿನ್ನಿನ ಅಲ್ಯೂಮಿನಿಯಂ ಮೈಯಲ್ಲಿ ಒಂದು ಬೋಲ್ಟು ಕಚ್ಚದೆ ಸುತ್ತುತ್ತಿತ್ತು. ಚಾ ಕುಡಿಯಲು ಬಂಟ್ವಾಳದಲ್ಲಿ ಇಳಿದವರು ಅವರು, ಹೊರಟದ್ದು ಲಾಯಿಲಕ್ಕೆ. ಅದನ್ನು ಕೇಳಿದ ಚನಿಯಪ್ಪನ ತಲೆಗೆ ಬಿಸಿ ಏರಿತು.

"ಲಾಯಿಲಕ್ಕೆ ಯಾಕೆ ಧನಿಗಳೇ? ಸುಬ್ಬಯ್ಯನವರ ಶಾಪು ಇದು. ಅವರ ಪೆಟ್ಟಿಗೆ ಇರುವುದು ಇಲ್ಲಿ. ಅಲ್ಲಿ ಬೋಲ್ಟಿಗೆ ಅರ ಉಜ್ಜುತ್ತಾರೆ ಅಷ್ಟೇ."

"ನಿಮ್ಮಿಂದ ಆಗ್ತದಾ ಚನಿಯಪ್ಪ? ಇದು ನಾನು ಮೈಸೂರಿನಿಂದ ತಂದ ಗಾಡಿ. ಇದರ ಮೈ ಒಡೆದರೆ ಇನ್ನೊಂದು ಬರಲಿಕ್ಕೆ ವರ್ಷ ಬೇಕು."

"ಆಗದೆ ಎಂತ! ಶುಕ್ರವಾರ ಬನ್ನಿ."

ಧನಿಗಳು ಗಾಡಿ ಇಳಿಸಿ ಹೋದರು. ಚನಿಯಪ್ಪ ಎಂಜಿನ್ನು ಬಿಚ್ಚಿ, ತ್ರೆಡ್ಡು ಹೋದ ತೂತಿರುವ ಅರ್ಧ ಹೋಳನ್ನು ವೈಸಿನ ಇಕ್ಕಳದಲ್ಲಿ ಹಿಡಿದ. ತೂತಿನ ಒಳಗೆ ಒಂದಿಷ್ಟು ತ್ರೆಡ್ಡು ಇನ್ನೂ ಉಳಿದಿತ್ತು. ಟ್ಯಾಪು ಒಮ್ಮೆ ಓಡಿಸಿದರೆ ಶುದ್ಧವಾದೀತು, ಬುಶ್ಶೇ ಬೇಡ ಎಂದುಕೊಂಡ. ಪೆಟ್ಟಿಗೆಯಿಂದ ಹೊಂದುವ ಟ್ಯಾಪು ತೆಗೆದು ನೋಡಿದ, ದಪ್ಪ ಸರಿಯಾಗಿಯೇ ಇತ್ತು. ಎರಡು ಸುತ್ತು ಬೆಣ್ಣೆಯ ಹಾಗೆ ಹೋಯಿತು. ಮೂರನೆಯದು ಬಿಗಿಯಾಯಿತು. ಅಲ್ಲಿ ನಿಲ್ಲಿಸಬೇಕಿತ್ತು. ಆದರೆ ಅವನ ಕಣ್ಣ ಮುಂದೆ ಸುಧಾಕರನ ಬಾಚಿದ ತಲೆ ಕುಣಿಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಒತ್ತಿ ತಿರುಗಿಸಿದ. ಕಿರ್ ಎಂದಿತು, ಆಮೇಲೆ ಟ್ಯಾಪು ಸಡಿಲವಾಗಿ ಸುತ್ತಿತು. ಹೊರಗೆ ತೆಗೆದರೆ ಇದ್ದ ತ್ರೆಡ್ಡೆಲ್ಲ ಬಿಳಿ ಪುಡಿಯಾಗಿ ಅಂಗೈಗೆ ಬಿತ್ತು, ತೂತಿನ ಬಾಯಿ ಹರಿದಿತ್ತು.

ಅವನು ವೈಸಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಮಾವ ಹೇಳಿದ್ದು ನಿಜವಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಶುಕ್ರವಾರ ಧನಿಗಳು ಬರುತ್ತಾರೆ. ಶನಿವಾರ ಮೂಡಬಿದಿರೆಗೆಲ್ಲ ಗೊತ್ತಾಗುತ್ತದೆ. ಸುಬ್ಬಯ್ಯನ ಶಾಪಿನ ಹೆಸರನ್ನು ಹೊಳೆಗೆ ಬಿಟ್ಟವನು ಚನಿಯಪ್ಪ ಎಂದು ಬಸ್ಸಿನಲ್ಲಿ ಹುಕ್ರಪ್ಪ ಸಾರಿಕೊಂಡು ಹೋಗುತ್ತಾನೆ. ಉಳಿದ ದಾರಿ ಒಂದೇ. ಅದು ಲಾಯಿಲದ ದಾರಿ, ನಡೆಯುವುದಕ್ಕಿಂತ ಸಾಯುವುದು ವಾಸಿ ಅನ್ನಿಸುವಂಥದ್ದು.

ಗುರುವಾರ ಬೆಳಗ್ಗಿನ ಬಸ್ಸಿಗೆ ಹೋದ. ಎಂಜಿನ್ನಿನ ಹೋಳನ್ನು ಬೈರಾಸಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಬುಶ್ಶೊಂದನ್ನು ರಾತ್ರಿಯೇ ಲೇತಿನಲ್ಲಿ ಕಡೆದು ಜೇಬಿನಲ್ಲಿ ಹಾಕಿಕೊಂಡಿದ್ದ, ಅದರಲ್ಲಾದರೂ ಸುಧಾಕರನ ಕೈಕೆಳಗೆ ಬೀಳಬಾರದೆಂದು. ಒಳಗಿನ ತ್ರೆಡ್ಡನ್ನು ಮಾತ್ರ ಕೊರೆಯದೆ ಬಿಟ್ಟಿದ್ದ. ಪೆಟ್ಟಿಗೆಯ ಟ್ಯಾಪಿನ ಮೇಲೆ ಅವನಿಗೆ ಈಗ ನಂಬಿಕೆ ಹೋಗಿತ್ತು.

ಸುಧಾಕರ ಅವನನ್ನು ಕಂಡು ಎದ್ದು ನಿಂತ. "ಭಾವ, ಬನ್ನಿ, ಕೂತುಕೊಳ್ಳಿ. ಅಮ್ಮಾ, ಭಾವ ಬಂದಿದ್ದಾರೆ!" ಬೊಜ್ಜದ ದಿನದ ಎಣಿಕೆಯ ಸುದ್ದಿಯೇ ಇಲ್ಲ. ಆ ಒಳ್ಳೆತನ ಚನಿಯಪ್ಪನಿಗೆ ಮೆಣಸು ಅರೆದು ಹಚ್ಚಿದ ಹಾಗಾಯಿತು. ಬೈರಾಸು ಬಿಚ್ಚಿ ತೋರಿಸಿದ.

ಸುಧಾಕರ ತೂತಿನೊಳಗೆ ಬೆರಳು ಆಡಿಸಿದ. ಒಂದು ಜಾವಾ ಬೋಲ್ಟನ್ನು, ಒಂದು ಹಳೆಯ ಇಂಗ್ಲಿಷ್ ಬೋಲ್ಟನ್ನು ಪಕ್ಕಪಕ್ಕ ಹಿಡಿದು ಹಲ್ಲಿಗೆ ಹಲ್ಲು ತಾಗಿಸಿ ಬೆಳಕಿಗೆ ತೋರಿಸಿದ. "ನೋಡಿ ಭಾವ, ಕೂಡುವುದಿಲ್ಲ. ಅಪ್ಪನ ಪೆಟ್ಟಿಗೆ ಎಲ್ಲ ಇಂಚಿನ ಲೆಕ್ಕದ್ದು. ಈ ಜಾವಾ ಬಂದದ್ದೇ ಮಿಲಿಮೀಟರಿನಲ್ಲಿ. ದಪ್ಪ ಒಂದೇ ಕಾಣ್ತದೆ, ತ್ರೆಡ್ಡಿನ ಅಂತರ ಬೇರೆ. ಯಾರು ಹಾಕಿದರೂ ಕಿತ್ತೇ ಬರ್ತದೆ. ನನ್ನದೂ ಶುರುವಿನಲ್ಲಿ ಒಂದು ಹೀಗೇ ಹೋಗಿತ್ತು."

ಚನಿಯಪ್ಪ ಹೂಂ ಎಂದ. ಸಮಾಧಾನವೇನೂ ಆಗಲಿಲ್ಲ. ಈ ಹುಡುಗನಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂಬುದಷ್ಟೇ ಕೇಳಿಸಿತು.

ಚನಿಯಪ್ಪ ಜೇಬಿನಿಂದ ಬುಶ್ಶು ತೆಗೆದುಕೊಟ್ಟ. ಸುಧಾಕರ ಅದರ ಒಳಗೆ ತಾನೇ ಮಾಡಿದ ಬೋಲ್ಟಿನ ಟ್ಯಾಪು ಓಡಿಸಿ ಪಕ್ಕಕ್ಕಿಟ್ಟ. ಆಮೇಲೆ ಹರಿದ ತೂತನ್ನು ಡ್ರಿಲ್ಲಿನಿಂದ ದೊಡ್ಡದು ಮಾಡಿದ. ಸುತ್ತ ಉಳಿದ ಅಲ್ಯೂಮಿನಿಯಂ ಈಗ ಬೆರಳಿನ ಉಗುರಿನಷ್ಟು ದಪ್ಪ. ಇನ್ನೊಮ್ಮೆ ತಪ್ಪಿದರೆ ಮತ್ತೆ ದೊಡ್ಡದು ಮಾಡಲು ಜಾಗವಿಲ್ಲ, ಹೋಳು ಗುಜರಿಗೆ. ಅವನು ಎಣ್ಣೆ ಬಿಟ್ಟು ಬುಶ್ಶಿನ ಹೊರಮೈಗೆ ಹೊಂದುವ ದೊಡ್ಡ ಟ್ಯಾಪು ನಿಲ್ಲಿಸಿ ತಿರುಗಿಸತೊಡಗಿದ. ಅಮ್ಮಣ್ಣಿ ಬೆಲ್ಲ ನೀರು ತಂದವಳು ಅಲ್ಲೇ ಕಂಬಕ್ಕೆ ಒರಗಿ ನಿಂತಳು.

ಚನಿಯಪ್ಪ ನೋಡುತ್ತಿದ್ದ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮಾವನೇ ನಿಂತ ಹಾಗೆ, ಅದೇ ಭುಜ, ಅದೇ ಓರೆ ತಲೆ. ತಪ್ಪಲಿ, ಒಮ್ಮೆ ತಪ್ಪಲಿ ಎಂದು ಅವನ ಮನಸ್ಸು ಬೇಡಿಕೊಂಡಿತು. ತಪ್ಪಿದರೆ ಹೋಗುವುದು ತನ್ನ ಮಾನವೇ ಎಂದು ಗೊತ್ತಿತ್ತು. ಹೋಗಲಿ! ಇವನದೂ ಜೊತೆಗೆ ಹೋಗುತ್ತದಲ್ಲ.

ಅಷ್ಟರಲ್ಲಿ ಅವನ ಕಿವಿಗೆ ಒಂದು ಸಣ್ಣ ಶಬ್ದ ಬಿತ್ತು. ಕಿರ್ ಎನ್ನುವುದಕ್ಕೂ ಮೊದಲು ಬರುವ, ಒಣ ಉಸಿರಿನಂಥ ಶಬ್ದ. ಸುಧಾಕರನಿಗೆ ಕೇಳಿಸಲಿಲ್ಲ, ಅವನ ಕೈ ಮುಂದಕ್ಕೇ ಹೋಗುತ್ತಿತ್ತು.

"ನಿಲ್ಲಿಸು! ಹಿಂದೆ ತಿರುಗಿಸು!"

ಕೂಗಿದ್ದು ತಾನೇ ಎಂದು ಚನಿಯಪ್ಪನಿಗೆ ತಿಳಿದದ್ದು ಕೂಗಿದ ಮೇಲೆ. ಸುಧಾಕರ ಬೆಚ್ಚಿ ಹಿಂದಕ್ಕೆ ತಿರುಗಿಸಿದ. ಟ್ಯಾಪಿನ ಗೀರಿನಲ್ಲಿ ಅಲ್ಯೂಮಿನಿಯಂ ಮೆತ್ತಿಕೊಳ್ಳಲು ಆಗಲೇ ಶುರುವಾಗಿತ್ತು. ಇನ್ನು ಕೂದಲೆಳೆಯಷ್ಟು ಮುಂದೆ ಹೋಗಿದ್ದರೆ ಎಲ್ಲ ಮುಗಿಯುತ್ತಿತ್ತು.

ಸುಧಾಕರ ಹಣೆ ಒರೆಸಿಕೊಂಡ. "ನನಗೆ ಗೊತ್ತೇ ಆಗಲಿಲ್ಲ ಭಾವ. ಇಷ್ಟು ತೆಳು ಮೈಯಲ್ಲಿ ನಾನು ಹಾಕಿದ್ದೇ ಇಲ್ಲ. ಇನ್ನು ನೀವು ಹಿಡೀರಿ, ನನಗೆ ಹೆದರಿಕೆ ಆಗ್ತದೆ."

"ನನ್ನ ಕೈ ಅದಕ್ಕಲ್ಲ."

"ಕೇಳಿದ್ದು ನಿಮಗಲ್ವಾ? ಹಿಡೀರಿ."

ಚನಿಯಪ್ಪ ಹಿಡಿದ. ಹಿಡಿದದ್ದು ಆಸೆಯಿಂದಲ್ಲ, ಇವನಿಗೆ ಹೆದರಿಕೆಯಾದರೆ ನನಗೂ ಆಗಬೇಕೇನು ಎಂಬ ಹಠದಿಂದ. ಎರಡು ಬೆರಳು ಸಾಕಾದವು. ಟ್ಯಾಪು ಮುಂದೆ ಹೋಗಿ, ತಾನಾಗಿಯೇ ಸಾಕೆಂದು ಹೇಳಿತು. ಅವನು ಹಿಂದೆ ಬಂದ. ಮತ್ತೆ ಮುಂದೆ. ಯಾರೂ ಹೇಳಿಕೊಡಬೇಕಾಗಲಿಲ್ಲ. ತಳ ಮುಟ್ಟಿದಾಗ ನಿಲ್ಲಿಸಿ, ಟ್ಯಾಪು ತೆಗೆದು, ಪುಡಿ ಊದಿ, ಪಕ್ಕದಲ್ಲಿದ್ದ ಬುಶ್ಶನ್ನು ಒಳಗೆ ತಿರುಗಿಸಿದ. ಬುಶ್ ಎಲ್ಲೂ ತಡೆಯದೆ, ಎಲ್ಲೂ ಸಡಿಲವಾಗದೆ ಹೋಗಿ ಕೂತಿತು. ಪಂಚ್ ಹೊಡೆದು, ಜಾವಾ ಬೋಲ್ಟು ಹಾಕಿ ಬಿಗಿದ. ಕಚ್ಚಿತು.

ಚನಿಯಪ್ಪನಿಗೆ ಖುಷಿಯಾಗಲು ಒಂದು ನಿಮಿಷ ಸಿಕ್ಕಿತು, ಅಷ್ಟೇ. ಹಿಂದಿನಿಂದ ಅಮ್ಮಣ್ಣಿ ಅಳುವುದು ಕೇಳಿಸಿತು.

"ಎಂತ ಅತ್ತೆ?"

"ನಿನ್ನ ಕೈ ಕಬ್ಬಿಣದ್ದು ಅಂತ ಅವರು ಹೇಳಿದ್ದು ಸುಳ್ಳು ಚನಿಯ," ಎಂದಳು ಅಮ್ಮಣ್ಣಿ. "ನೀನು ಆ ಒಡೆದ ಮುಚ್ಚಳಕ್ಕೆ ಟ್ಯಾಪು ಹಾಕಿದ ವಾರ ಇಲ್ಲಿಗೆ ಬಂದವರು ಊಟ ಮಾಡಲಿಲ್ಲ. 'ಅವನ ಕೈ ನನ್ನ ಕೈಗಿಂತ ಮೇಲೆ ಉಂಟು' ಅಂದರು. 'ಶಾಪು ಅವನಿಗೆ, ಲೇತು ಅವನಿಗೆ, ಪೆಟ್ಟಿಗೆ ಅವನಿಗೆ. ಇದೂ ಅವನಿಗೆ ಹೋದರೆ ನನ್ನ ಮಗನಿಗೆ ನಾನು ಕೊಡುವುದೆಂತ? ಹಿರಿಯರು ಕೂತು ಪಾಲು ಮಾಡಲಿಕ್ಕೆ ಆಗದ್ದು ನನ್ನ ಹತ್ತಿರ ಇದೊಂದೇ ಉಂಟು' ಅಂದರು. ಸುಧಾಕರ ಆಗ ಹತ್ತು ವರ್ಷದವ. ಅವನು ದೊಡ್ಡವನಾಗುವವರೆಗೆ ಕಾದರು. ನಾನೂ ಬೇಡ ಅನ್ನಲಿಲ್ಲ. ಬೈಯುವುದಾದರೆ ನನಗೂ ಬೈದುಬಿಡು."

ಸುಧಾಕರ ತಾಯಿಯ ಮುಖ ನೋಡಿದ, ಭಾವನ ಮುಖ ನೋಡಿದ, ತಲೆ ತಗ್ಗಿಸಿದ. ಅವನಿಗೂ ಇದು ಅವತ್ತೇ ತಿಳಿದದ್ದು.

ಚನಿಯಪ್ಪ ಬೈಯಲಿಲ್ಲ. ಬೆಲ್ಲ ನೀರು ಕುಡಿದು, ಹೋಳನ್ನು ಬೈರಾಸಿನಲ್ಲಿ ಸುತ್ತಿಕೊಂಡು ಎದ್ದ. ಇನ್ನು ಮಾವನ ಪೆಟ್ಟಿಗೆಯನ್ನು ಸುಧಾಕರನಿಗೆ ಕೊಟ್ಟುಬಿಡುತ್ತಾನೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ ಎಂದು ನೀವು ಕಾಯುತ್ತಿದ್ದರೆ ಕಾಯಬೇಡಿ. ಚನಿಯಪ್ಪ ಆ ಜಾತಿಯಲ್ಲ. ಮೋಸ ಹೋದೆನಲ್ಲ ಎಂದು ಕೋಪ ಬರುತ್ತದೆ ಎಂದು ಅವನೇ ಒಂದು ಗಳಿಗೆ ಕಾದ. ಬಂದದ್ದು ಕೋಪವಲ್ಲ. ಇಷ್ಟು ವರ್ಷ ಉರಿದದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸುವಂಥ ಉರಿ ಎದೆಯಲ್ಲಿ ಎದ್ದಿತು.

ಸುಧಾಕರ ಬಸ್ಸಿನ ಕಟ್ಟೆಯವರೆಗೆ ಹಿಂದೆಯೇ ಬಂದ. ಬಿಸಿಲು ಸುಡುತ್ತಿತ್ತು. ಉಜಿರೆ ಕಡೆಯಿಂದ ಬಸ್ಸು ಬರುವುದು ಕಾಣಿಸಿತು.

"ಭಾವ, ನನಗೆ ದೇವರಾಣೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನು ಹಿಡೀತಿರಲಿಲ್ಲ. ಇನ್ನು ಜಾವಾದ ಕೆಲಸ ಬಂದರೆ ನಿಮಗೇ ಕಳಿಸ್ತೇನೆ. ನಿಮ್ಮ ಕೈಗೆ ಬರಬೇಕಾದ್ದು ನಿಮಗೆ ಸಿಕ್ಕಿತಲ್ಲ, ಇನ್ನಾದರೂ ನನ್ನ ಮೇಲೆ ಸಿಟ್ಟು ಬಿಡಿ."

"ಕೆಲಸದ ಮಾತು ಬಿಡು ಮಾರಾಯ," ಎಂದ ಚನಿಯಪ್ಪ. "ಅದು ಇವತ್ತು ನನಗೂ ಬಂತು. ಮಾವ ಹದಿಮೂರು ವರ್ಷ ನನ್ನ ಮುಖ ನೋಡಿ ಸುಳ್ಳು ಹೇಳಿದರು, ನಿನಗೋಸ್ಕರ. ಸಾಯುವವರೆಗೆ ಬಾಯಿ ಬಿಡಲಿಲ್ಲ. ನನ್ನ ಅಪ್ಪ ಎಲ್ಲ ಅಳಿಯಕಟ್ಟಿನ ಪ್ರಕಾರ ಮಾಡಿ ಹೋದರು. ನನಗೋಸ್ಕರ ಯಾರ ಹತ್ತಿರವೂ ಒಂದು ಸಣ್ಣ ಸುಳ್ಳು ಹೇಳಲಿಲ್ಲ."

ಬಸ್ಸು ನಿಂತಿತು. ಹುಕ್ರಪ್ಪನೇ ಡ್ರೈವರು, ಎಂದಿನಂತೆ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಚನಿಯಪ್ಪನ ಮುಖ ಕಂಡು ಸ್ಟಿಯರಿಂಗಿನ ಕಡೆ ತಿರುಗಿದ. ಚನಿಯಪ್ಪ ಹತ್ತಿ, ಕಿಟಕಿಯ ಬದಿಯಲ್ಲಿ ಕೂತು, ಸುಧಾಕರನ ಕಡೆ ನೋಡದೆ ಹೇಳಿದ.

"ಆ ಹೊಟ್ಟೆಕಿಚ್ಚಿಗೆ ನಿನ್ನ ಹತ್ತಿರ ಮದ್ದಿಲ್ಲ ಸುಧಾಕರ. ನೀನು ಮನೆಗೆ ಹೋಗು, ನಿನ್ನ ಅಮ್ಮ ಅಳ್ತಿದ್ದಾಳೆ."